ಹನ್ನೊಂದು ಗಂಟೆಯ ಗ್ಲಾಸುಗಳು

ಫೆಬ್ರವರಿ ೨, ಭಾನುವಾರ

ಇವರು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ. ಅದೇನೆಂದು ಗೊತ್ತಾಗುವವರೆಗೆ ಇಲ್ಲಿ ಬರೆದಿಡುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ, ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನಾನೇ ನೋಡಿಕೊಳ್ಳುವುದಕ್ಕೆ.

ಹೆಡ್‌ಮಿಸ್ ಆಗಿದ್ದವಳು ನಾನು. ಪರೀಕ್ಷೆಯ ಹಾಲಿನಲ್ಲಿ ಹುಡುಗನ ಬೆನ್ನು ನೋಡಿಯೇ ಚೀಟಿ ಯಾವ ಜೇಬಿನಲ್ಲಿದೆ ಎಂದು ಹೇಳುತ್ತಿದ್ದೆ. ರಿಟೈರ್ ಆದ ಮಾತ್ರಕ್ಕೆ ಕಣ್ಣು ಹೋಗುವುದಿಲ್ಲ. ನನ್ನ ಹತ್ತಿರ ಇವರ ಬೇಳೆ ಬೇಯುವುದಿಲ್ಲ.

ಇವತ್ತು ಆದದ್ದು ಇಷ್ಟು. ಬೆಳಗ್ಗೆ ಹನ್ನೊಂದಕ್ಕೆ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಮೂರು ಗ್ಲಾಸು ಇಟ್ಟರು. ಹೊಟ್ಟೆ ದಪ್ಪ, ಬಾಯಿ ಸಣ್ಣ, ಆ ಜಾತಿಯವು. ಮೂರರಲ್ಲೂ ಒಂದೊಂದು ಬೆರಳು ವಿಸ್ಕಿ.

"ಬಾ ಇಲ್ಲಿ, ಸ್ವಲ್ಪ ಮೂಸಿ ನೋಡು."

ಇವರ ಕೆಲಸವೇ ಅದು. ಸ್ಕಾಟ್ಲೆಂಡಿನಿಂದ ವಿಸ್ಕಿ ತರಿಸುವ ಕಂಪನಿಯಲ್ಲಿ, ಅಲ್ಲಿಂದ ಬರುವ ಸ್ಯಾಂಪಲ್‌ಗಳನ್ನು ಮೂಸಿ ಯಾವುದನ್ನು ತರಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು. ಆಫೀಸಿನಲ್ಲಿ ಎಲ್ಲರೂ ಇವರನ್ನು 'ಮೂಗು' ಎಂದೇ ಕರೆಯುತ್ತಾರೆ. ಆದರೆ ಮದುವೆಯಾದಾಗಿನಿಂದ ನನ್ನನ್ನು ಆ ಗ್ಲಾಸುಗಳ ಹತ್ತಿರ ಬಿಟ್ಟವರಲ್ಲ. ತೊಳೆಯಲೂ ಕೊಡುತ್ತಿರಲಿಲ್ಲ, ನನ್ನ ಕೈಯ ಸೋಪು ಗ್ಲಾಸಿಗೆ ಅಂಟುತ್ತದಂತೆ. ಅಂಥವರು ಇವತ್ತು ಹಾಡುಹಗಲೇ, ಒಂದು ತೊಟ್ಟೂ ಕುಡಿಯದ ಹೆಂಡತಿಯನ್ನು ಕೂರಿಸಿಕೊಂಡು ಮೂಸು ಎನ್ನುತ್ತಾರೆ!

ಮೂಸಿದೆ. ಮೊದಲನೆಯದು ನಮ್ಮ ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆರೆದಂತಿತ್ತು. ಟಿಂಕ್ಚರು, ಹತ್ತಿ, ಬ್ಯಾಂಡೇಜು. ಹಾಗೇ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಇನ್ನೇನು? ಇನ್ನೇನು ಬರ್ತಿದೆ ಹೇಳು" ಎಂದರು.

ನನ್ನ ಮಾತನ್ನು ಇವರು ಇಷ್ಟು ಗಮನ ಕೊಟ್ಟು ಕೇಳಿ ಎಷ್ಟೋ ಕಾಲವಾಗಿತ್ತು. ಅನುಮಾನ ಶುರುವಾದದ್ದೇ ಅಲ್ಲಿ.

ಫೆಬ್ರವರಿ ೫, ಬುಧವಾರ

ಹಾಲು ಸೀದುಹೋಯಿತು. ತಂಗಿಯ ಫೋನು ಬಂದಿತ್ತು, ಒಲೆ ಮರೆತೆ. ಮನೆಯೆಲ್ಲ ಸೀದ ವಾಸನೆ. ಮೊದಲಾಗಿದ್ದರೆ ಇವರು ಗೇಟಿನಿಂದಲೇ "ಏನೇ ಅದು, ಹಾಲು ಹೋಯ್ತಾ?" ಎಂದು ಕೂಗಿಕೊಂಡು ಬರುತ್ತಿದ್ದರು. ಇವತ್ತು ಬಂದರು, ಬೂಟು ಬಿಚ್ಚಿದರು, ಅದೇ ಹಾಲಿನ ಕಾಫಿ ಕುಡಿದರು, "ಚೆನ್ನಾಗಿದೆ" ಎಂದರು.

ಚೆನ್ನಾಗಿದೆಯಂತೆ! ನಾನೇ ಒಂದು ಗುಟುಕಿಗೆ ಸಿಂಕಿಗೆ ಸುರಿದಿದ್ದೆ. ಇಷ್ಟು ವರ್ಷ ಪ್ರತಿಯೊಂದಕ್ಕೂ ಮೂಗು ಮುರಿದ ಗಂಡ ಸೀದ ಕಾಫಿಯನ್ನು ಹೊಗಳಿದರೆ ಒಳಗೊಳಗೆ ಏನೋ ತಪ್ಪು ಮಾಡಿದ್ದಾರೆ ಎಂದೇ ಅರ್ಥ.

ತಂಗಿಗೆ ಹೇಳಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಅಕ್ಕಾ, ಭಾವ ಇದ್ದಕ್ಕಿದ್ದಂಗೆ ಒಳ್ಳೇವ್ರಾಗಿದಾರೆ ಅಂದ್ರೆ ಯಾರೋ ಇದಾರೆ. ಫೋನ್ ನೋಡು."

ಫೋನ್ ನೋಡುವಷ್ಟು ಕೆಳಗಿಳಿಯುವವಳಲ್ಲ ನಾನು. ಆದರೆ ರಿಂಗ್ ಆದಾಗ ಹೆಸರು ಕಣ್ಣಿಗೆ ಬಿದ್ದರೆ ಏನು ಮಾಡುವುದು? ಲ್ಯಾಬಿನವಳು. ಈ ವಾರ ದಿನವೂ ಅವಳೇ. ಸ್ಯಾಂಪಲ್ ಬಾಟಲಿಗಳಿಗೆ ನಂಬರ್ ಹಾಕುವವಳು, ಕಳೆದ ವರ್ಷ ಸೇರಿದ್ದಾಳೆ. ಆಫೀಸಿನ ಟೀ ಪಾರ್ಟಿಯಲ್ಲಿ ಒಮ್ಮೆ ನೋಡಿದ್ದೇನೆ, ಕಾಲಿಗೆ ಎತ್ತರದ ಹೈಹೀಲ್ಸು. ಫೋನ್ ಬಂದ ಕೂಡಲೇ ಇವರು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ.

ಅದು ನಿಜವೇ ಆಗಿದ್ದರೆ ನಾನು ಅಳುತ್ತಾ ಕೂರುವುದಿಲ್ಲ. ತಂಗಿಯ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಬಟ್ಟೆ ತುಂಬಿಕೊಂಡು ಹೊರಟುಬಿಡುತ್ತೇನೆ.

ಫೆಬ್ರವರಿ ೯, ಭಾನುವಾರ

ಮತ್ತೆ ಹನ್ನೊಂದು ಗಂಟೆ, ಮತ್ತೆ ಮೂರು ಗ್ಲಾಸು. ಮೂಗು ಚುರುಕಾಗಿರುವುದು ಊಟಕ್ಕೆ ಮುಂಚೆಯಂತೆ, ಅದಕ್ಕೇ ಆ ಹೊತ್ತು. ಹೂಂ ಎಂದೆ. ಜೊತೆಯಲ್ಲಿ ಕೂತರೆ ತಾನೇ ಬಾಯಿ ಬಿಡಿಸಲು ಸಾಧ್ಯ?

ಇವು ಬ್ಲೆಂಡೆಡ್ ಮಾಲ್ಟ್ ಅಂತೆ. ಹಾಗೆಂದರೇನು ಎಂದು ಕೇಳಿದೆ. ಇವರು ಹುರುಪಿನಿಂದ ಶುರುಮಾಡಿದರು. ಮೊಳಕೆ ಬರಿಸಿದ ಬಾರ್ಲಿಯಿಂದಲೇ ಮಾಡಿದ ವಿಸ್ಕಿ ಮಾಲ್ಟ್. ಒಂದೇ ಕಾರ್ಖಾನೆಯದಾದರೆ ಸಿಂಗಲ್ ಮಾಲ್ಟ್. ಅಂಥ ಹಲವು ಕಾರ್ಖಾನೆಗಳ ಮಾಲ್ಟ್‌ಗಳನ್ನು ಅಲ್ಲೇ, ಸ್ಕಾಟ್ಲೆಂಡಿನಲ್ಲೇ ಬೆರೆಸಿದರೆ ಇದು. ಬೇರೆ ಧಾನ್ಯದ ವಿಸ್ಕಿ ಒಂದು ಹನಿಯೂ ಸೇರುವಂತಿಲ್ಲ.

"ಅಂದ್ರೆ ಬೇರೆ ಬೇರೆ ಶಾಲೆಯ ಫಸ್ಟ್ ರ‍್ಯಾಂಕಿನವರನ್ನೆಲ್ಲ ಒಂದೇ ಬೆಂಚಲ್ಲಿ ಕೂರಿಸಿದ ಹಾಗೆ."

"ಹೌದು ಮೇಡಂ. ಎಲ್ಲರೂ ತಾವೇ ಮಾತಾಡ್ಬೇಕು ಅಂತಾರೆ. ಜಗಳ ಆಡದೆ ಇರೋ ಬೆಂಚು ಹುಡುಕೋದೇ ನನ್ನ ಕೆಲಸ."

ಈ ವರ್ಷ ಕಂಪನಿ ತನ್ನದೇ ಹೆಸರಿನಲ್ಲಿ ಒಂದು ಬ್ಲೆಂಡೆಡ್ ಮಾಲ್ಟ್ ತರುತ್ತಿದೆಯಂತೆ. ಸ್ಕಾಟ್ಲೆಂಡಿನವರು ಹತ್ತಾರು ಬಗೆಯಲ್ಲಿ ಬೆರೆಸಿ ಕಳಿಸಿದ್ದಾರೆ, ಆರಿಸಬೇಕಾದವರು ಇವರು. ಇದೇ ಇವರ ಕೊನೆಯ ದೊಡ್ಡ ಕೆಲಸವಂತೆ. ಹೇಳುವಾಗ ದನಿ ಸ್ವಲ್ಪ ಸಣ್ಣದಾಯಿತು. ಗಮನಿಸಿಕೊಂಡೆ.

ಕುಡಿಯುವ ರೀತಿಯನ್ನೂ ಹೇಳಿಕೊಟ್ಟರು. ಗ್ಲಾಸಿಗೆ ಮೂಗು ತುರುಕಬಾರದು, ಬಾಯಿ ತುಸು ತೆರೆದುಕೊಂಡು ದೂರದಿಂದಲೇ ಮೂಸಬೇಕು. ಒಂದೆರಡು ಹನಿ ನೀರು ಹಾಕಿ ಸುಮ್ಮನೆ ಕಾಯಬೇಕು. ಆಮೇಲೆ ಒಂದು ಚಿಕ್ಕ ಗುಟುಕು ನಾಲಿಗೆಯ ಮೇಲೆ ಹರಡಿಕೊಳ್ಳಬೇಕು. ತನಿಖೆಗೋಸ್ಕರ ಕುಡಿದೆ. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಉರಿ ಇಳಿದ ಮೇಲೆ ಮಾತ್ರ ಏನೋ ಉಳಿಯಿತು. ಪೆನ್ಸಿಲ್ ಕೆತ್ತಿದಾಗ ಬರುವ ವಾಸನೆ, ಅದರ ಹಿಂದೆ ಕಳಿತ ಪೇರುಹಣ್ಣು, ಅದೂ ಬ್ಯಾಗಿನ ತಳದಲ್ಲಿ ಎರಡು ದಿನ ಮರೆತು ಬಿಟ್ಟದ್ದು. ಹೀಗೆಂದು ಹೇಳಿದಾಗ ಇವರು ಕಣ್ಣು ಮುಚ್ಚಿಕೊಂಡು ಕೇಳಿದರು.

ಅಸಹ್ಯದ ವಸ್ತು. ಇನ್ನೊಂದು ಗುಟುಕು ಕುಡಿದದ್ದು ಮೊದಲನೆಯದು ಸರಿಯಾಗಿ ತಿಳಿಯಲಿಲ್ಲ ಎಂಬ ಕಾರಣಕ್ಕೆ.

ಫೆಬ್ರವರಿ ೧೩, ಗುರುವಾರ

ಬಲೆ ಹಾಕಿದೆ. ಇವರ ಕೆಲಸದ ದೆಸೆಯಿಂದ ನಮ್ಮ ಮನೆಯಲ್ಲಿ ಸೆಂಟು, ಪೌಡರು, ಸುವಾಸನೆಯ ಸೋಪು ಎಲ್ಲಕ್ಕೂ ಬಹಿಷ್ಕಾರ. ತಂಗಿಯ ಗಂಡನ ಶೇವಿಂಗ್ ಲೋಷನ್ ತಂದು ಕುತ್ತಿಗೆಗೆ, ಕೈಗೆ ಧಾರಾಳವಾಗಿ ಬಳಿದುಕೊಂಡು ಇವರ ಪಕ್ಕದಲ್ಲೇ ಕೂತೆ. ಪರಗಂಡಸಿನ ವಾಸನೆ ಹೆಂಡತಿಯ ಮೈಯಿಂದ ಬರುತ್ತಿದ್ದರೆ ಯಾವ ಗಂಡನಾದರೂ ಹುಬ್ಬೇರಿಸಬೇಕು.

ಇವರು ಟಿವಿ ನೋಡಿದರು. "ಫ್ಯಾನ್ ಸ್ವಲ್ಪ ಜೋರಾಗಿ ಹಾಕ್ತೀಯಾ?" ಎಂದರು. ಅಷ್ಟೇ.

ಹಾಗಾದರೆ ನಾನು ಇವರಿಗೆ ಮೇಜು ಕುರ್ಚಿಗಿಂತ ಹೆಚ್ಚಲ್ಲ. ಸ್ನಾನದ ಮನೆಯಲ್ಲಿ ಲೋಷನ್ ಉಜ್ಜಿ ತೊಳೆಯುತ್ತಾ ಅತ್ತೆ.

ಫೆಬ್ರವರಿ ೧೬, ಭಾನುವಾರ

ಇವತ್ತು ಐದು ಗ್ಲಾಸು. ಎರಡನೆಯದು ಬರೀ ಸಿಹಿ, ಮೇಡಂ ಮೇಡಂ ಎಂದು ಹಿಂದೆ ಸುತ್ತುವ ಹುಡುಗನ ಹಾಗೆ, ನಂಬಬಾರದು. ಮೂರನೆಯದರಲ್ಲಿ ಒಣದ್ರಾಕ್ಷಿ, ಹಳೆ ಲೈಬ್ರರಿ ಬೀರುವಿನ ಮರ. ನಾಲ್ಕನೆಯದರಲ್ಲಿ ಹೊಗೆ ಜಾಸ್ತಿ, ಉಳಿದವರ ಬಾಯಿ ಮುಚ್ಚಿಸುತ್ತದೆ. ಆ ಹೊಗೆ ಜೌಗು ನೆಲದ ಮಣ್ಣು ಸುಟ್ಟು ಬಾರ್ಲಿ ಒಣಗಿಸುವುದರಿಂದ ಬರುತ್ತದಂತೆ. ಐದನೆಯದು ಮೊದಲು ಏನೂ ಅನ್ನಿಸಲಿಲ್ಲ. ನೀರು ಹಾಕಿ ಬಿಟ್ಟೆ. ಆಮೇಲೆ ನೋಡಿದರೆ ಮಳೆಯಲ್ಲಿ ನೆನೆದ ಬೂಟನ್ನು ಒಲೆಯ ಪಕ್ಕ ಒಣಗಲು ಇಟ್ಟ ವಾಸನೆ, ಪೆನ್ಸಿಲ್ ಚೂರು, ಆಮೇಲೆ ಜೇನು, ಒಂದರ ಹಿಂದೆ ಒಂದು, ನೂಕಾಟವಿಲ್ಲದೆ ಸಾಲಾಗಿ.

"ಇದೇ!" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಇವರು ನಕ್ಕರು. ನಾನೂ ನಕ್ಕೆ. ಊಟಕ್ಕೆ ಕೂತಾಗ ಎರಡೂವರೆ, ಅಷ್ಟು ಹೊತ್ತು ಏನು ಮಾತಾಡಿದೆವೋ ನೆನಪಿಲ್ಲ. ತನಿಖೆ ಮುಂದುವರಿದಿದೆ.

ಫೆಬ್ರವರಿ ೧೯, ಬುಧವಾರ

ಇವರು ಮರೆತುಹೋದ ಕನ್ನಡಕ ಕೊಡುವ ನೆಪ ಹಿಡಿದು ಆಫೀಸಿಗೆ ಹೋದೆ. (ಕನ್ನಡಕವನ್ನು ಬ್ಯಾಗಿನಿಂದ ತೆಗೆದಿಟ್ಟವಳು ನಾನೇ.) ಲ್ಯಾಬಿನವಳು ಎದ್ದು ನಿಂತು ಕುರ್ಚಿ ಕೊಟ್ಟಳು. ಕಾಲಿನಲ್ಲಿ ರಬ್ಬರ್ ಚಪ್ಪಲಿ, ಮುಖದಲ್ಲಿ ನಿದ್ದೆಗೇಡು. "ಸಾರ್ ಮೀಟಿಂಗಲ್ಲಿದಾರೆ ಆಂಟಿ. ಸಣ್ಣ ಮಾಲೀಕರು ಮತ್ತೆ ಮತ್ತೆ ಕರೀತಾನೇ ಇದಾರೆ. ಸಾರ್ ಯಾಕೋ ಈಗೀಗ ಲ್ಯಾಬಲ್ಲಿ ಮೂಸೋದೇ ಇಲ್ಲ, ಎಲ್ಲ ಮನೆಗೆ ಒಯ್ತಾರೆ. ನಂಬರ್ ಅದಲುಬದಲು ಆದ್ರೆ ನನ್ನ ತಲೆಗೆ ಬರುತ್ತೆ, ಅದಕ್ಕೇ ದಿನಾ ಫೋನ್ ಮಾಡಿ ಕೇಳ್ತೀನಿ." ಆಂಟಿ ಎಂದದ್ದು ಹಿಡಿಸಲಿಲ್ಲ. ಆದರೆ ಇವಳಲ್ಲ. ಕದ್ದು ಪ್ರೀತಿಸುವವರು ಇಷ್ಟು ಗೊಣಗುವುದಿಲ್ಲ.

ಆಗ ಪಕ್ಕದ ಕೋಣೆಯಿಂದ ಇವರ ದನಿ ಕೇಳಿಸಿತು.

"ನೀರು ಹಾಕಿ ಬಿಡಬೇಕು ಸಾರ್. ಮೊದಲು ಮಳೇಲಿ ನೆನೆದ ಬೂಟನ್ನ ಒಲೆ ಪಕ್ಕ ಇಟ್ಟ ಹಾಗೆ. ಆಮೇಲೆ ಪೆನ್ಸಿಲ್ ಚೂರು. ಆಮೇಲೆ ಜೇನು. ನೂಕಾಟ ಇಲ್ಲ, ಸಾಲಾಗಿ ಬರ್ತವೆ."

ಅವು ನನ್ನ ಮಾತುಗಳು. ಅದೇ ಕ್ರಮ, ಅದೇ ಪದ, ಒಂದಕ್ಷರವೂ ಬದಲಿಲ್ಲ. ಬುದ್ಧಿ ಇರುವ ಹುಡುಗರು ಕಾಪಿ ಹೊಡೆಯುವಾಗ ಅಲ್ಲೊಂದು ಇಲ್ಲೊಂದು ಪದವನ್ನಾದರೂ ಬದಲಿಸುತ್ತಾರೆ. ಏನೂ ಗೊತ್ತಿಲ್ಲದವನು ಮಾತ್ರ ಪಕ್ಕದವನ ಚಿತ್ತುಕಾಟನ್ನೂ ಬಿಡದೆ ಇಳಿಸುತ್ತಾನೆ.

ಕನ್ನಡಕವನ್ನು ಮೇಜಿನ ಮೇಲೆ ಇಟ್ಟು ಮನೆಗೆ ಬಂದೆ. ಬಸ್ಸಿನಲ್ಲಿ ಸೀದ ಹಾಲು ನೆನಪಾಯಿತು, ಶೇವಿಂಗ್ ಲೋಷನ್ ನೆನಪಾಯಿತು. ನವೆಂಬರಿನಲ್ಲಿ ಇವರು ಜ್ವರ ಬಂದು ಮಲಗಿದ್ದೂ ನೆನಪಾಯಿತು.

ಫೆಬ್ರವರಿ ೨೦, ಗುರುವಾರ

ಎದುರಿಗೆ ಕೂರಿಸಿಕೊಂಡು ಕೇಳಿದೆ. "ಯಾವಾಗಿಂದ?"

ಸುಳ್ಳು ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು. "ಜ್ವರ ಬಿಟ್ಟ ಮೇಲಿಂದ. ಸಿಹಿ, ಉಪ್ಪು, ಉರಿ ಗೊತ್ತಾಗುತ್ತೆ. ವಾಸನೆ ಅನ್ನೋದೇ ಇಲ್ಲ. ಊಟ ಅಂದ್ರೆ ಕಾಗದ ಅಗಿದ ಹಾಗೆ. ಡಾಕ್ಟರ್ ವಾಪಸ್ ಬಂದ್ರೂ ಬರಬಹುದು ಅಂದ್ರು. ಬರಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಏನ್ ಮಾಡ್ತಿದ್ದೆ? ಮಾಲೀಕರಿಗೆ ಹೇಳಿ ಅಂತಿದ್ದೆ."

ಅನ್ನುತ್ತಿದ್ದೆ. ಈಗಲೂ ಅಂದೆ. ಇವರು ತಲೆ ತಗ್ಗಿಸಿಕೊಂಡು ಕೂತರು. ಈ ಒಂದು ವಿಸ್ಕಿಯನ್ನು ಆರಿಸಿ ಮುಗಿಸಿಬಿಡುತ್ತೇನೆ, ಆಮೇಲೆ ನಾನೇ ಹೇಳಿ ಬಿಟ್ಟುಬರುತ್ತೇನೆ ಎಂದರು. 'ಮೂಗು' ಎಂದು ಕರೆಸಿಕೊಂಡು ಬದುಕಿದವರು, ಮೂಗಿಲ್ಲದವನು ಎಂದು ಹೊರದಬ್ಬಿಸಿಕೊಳ್ಳಲು ಮನಸ್ಸಿಲ್ಲ.

ನನಗೆ ಇವರ ಮೇಲೆ ಕೋಪ, ಇಲ್ಲಿ ಬರೆದದ್ದನ್ನೆಲ್ಲ ಓದಿ ನನ್ನ ಮೇಲೂ ಕೋಪ. ಅಳುತ್ತಾ ಬೈದೆ. ಕಾಪಿ ಹೊಡೆಯಲು ಇವರಿಗೆ ಹೆಡ್‌ಮಿಸ್ಸೇ ಬೇಕಾಗಿತ್ತೇ?

ಫೆಬ್ರವರಿ ೨೭, ಗುರುವಾರ

ಕಂಪನಿ ನಮ್ಮ ಐದನೆಯದನ್ನೇ ಒಪ್ಪಿದೆ. ನಮ್ಮ ಎಂದು ಬರೆದೆನೇ? ಇವರ.

ಆದರೆ ಸಣ್ಣ ಮಾಲೀಕನ ಮೇಲೆ ನನಗೆ ಅನುಮಾನ. ದೊಡ್ಡ ಮಾಲೀಕರ ಮಗ, ಅಪ್ಪನ ಕುರ್ಚಿಯಲ್ಲಿ ಈಚೆಗೆ ಕೂತವನು. ಮುಂದಿನ ಶನಿವಾರ ಅತಿಥಿಗಳನ್ನು ಕರೆದು ಹೊಸ ವಿಸ್ಕಿಯನ್ನು ತೋರಿಸುತ್ತಾನಂತೆ. ಮನೆಯವರೂ ಬರಬೇಕಂತೆ. ಎಲ್ಲರ ಮುಂದೆ 'ಮೂಗು' ಒಂದು ಆಟ ಆಡಿ ತೋರಿಸಬೇಕಂತೆ. ಮೂರು ಗ್ಲಾಸು, ಅದರಲ್ಲಿ ಎರಡು ಒಂದೇ, ಒಂದು ಬೇರೆ. ಬೇರೆಯದನ್ನು ಮೂಸಿ ಹಿಡಿಯಬೇಕು. ಈ ಕಸುಬಿನಲ್ಲಿ ಅದು ಮಾಮೂಲಿ ಪರೀಕ್ಷೆಯಂತೆ. ಹಾಗಿದ್ದರೆ ಲ್ಯಾಬಿನಲ್ಲಿ ಮಾಡಲಿ. ಎಲ್ಲರ ಎದುರಿಗೆ ಯಾಕೆ? ಲ್ಯಾಬಿನವಳು ಗೊಣಗಿದ್ದು ಅವನ ಕಿವಿಗೂ ಬಿದ್ದಿದೆ, ಬರೆದಿಡುತ್ತೇನೆ.

ಮಾರ್ಚ್ ೨, ಭಾನುವಾರ

ಇವತ್ತು ಸ್ಯಾಂಪಲ್ ಇರಲಿಲ್ಲ. ಆದರೂ ಹನ್ನೊಂದಕ್ಕೆ ಇಬ್ಬರೂ ಮೇಜಿನ ಹತ್ತಿರ ಬಂದು ಕೂತೆವು. ಐದನೆಯದರಲ್ಲಿ ಸ್ವಲ್ಪ ಉಳಿದಿತ್ತು, ಹಂಚಿಕೊಂಡೆವು. ನಾನು ಹೇಳುತ್ತಾ ಹೋದೆ, ಇವರು ಕೇಳುತ್ತಾ ಕುಡಿದರು.

ಆಮೇಲೆ ಮೆಲ್ಲಗೆ ಕೇಳಿದರು. "ಶನಿವಾರ ಅತಿಥಿಗಳಿಗೂ ಅವೇ ಮೂರು ಗ್ಲಾಸು ಕೊಡ್ತಾರೆ. ನೀನು ಎದುರಿಗೇ ಇರ್ತೀಯ. ಬೇರೆ ಯಾವ್ದು ಅಂತ ಗೊತ್ತಾದ್ರೆ ಒಂದು ಸಲ ಕೆಮ್ಮಿಬಿಡು."

"ಪರೀಕ್ಷೆ ಹಾಲಲ್ಲಿ ಕೆಮ್ಮಿದವರನ್ನೆಲ್ಲ ಎಬ್ಬಿಸಿ ಕಳಿಸಿದವಳು ನಾನು. ಕೆಮ್ಮಲ್ಲ, ಕೈಸನ್ನೆ ಮಾಡಲ್ಲ, ನಿಮ್ಮನ್ನ ನೋಡೋದೂ ಇಲ್ಲ."

"ಹಂಗಾದ್ರೆ ಎಲ್ಲರ ಮುಂದೆ ಬಣ್ಣ ಬಯಲಾಗುತ್ತೆ."

"ಅದಕ್ಕಿಂತ ಮುಂಚೆ ನೀವೇ ಹೇಳಿಬಿಡಿ."

ಇವರು ಗ್ಲಾಸನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕೂತಿದ್ದರು. ನೋಡಲಾಗದೆ ಅಡಿಗೆಮನೆಗೆ ಹೋದೆ.

ಮಾರ್ಚ್ ೮, ಶನಿವಾರ

ಹೇಳಲಿಲ್ಲ ಇವರು. ನಿನ್ನೆ ಹೇಳುತ್ತೇನೆ ಎಂದರು, ಇವತ್ತು ಬೆಳಗ್ಗೆ ಹೇಳುತ್ತೇನೆ ಎಂದರು, ಹನ್ನೊಂದು ಗಂಟೆಗೆ ಹೋಗಿ ಆ ಮೇಜಿನ ಹಿಂದೆ ನಿಂತರು. ಅಂಗಿಯ ಕಾಲರು ಬೆವರಿನಿಂದ ನೆನೆದಿತ್ತು.

ಸಣ್ಣ ಮಾಲೀಕ ಎರಡು ಮಾತಾಡಿದ. ಮೂವತ್ತು ಜನರ ಮುಂದೆಯೂ ಮೂರು ಮೂರು ಗ್ಲಾಸು ಬಂತು. "ನೀವೂ ಪ್ರಯತ್ನಿಸಿ, ಆದರೆ ಉತ್ತರ ಕೂಗಬೇಡಿ" ಎಂದು ನಕ್ಕ. ನಾನು ಕೈಗಳನ್ನು ತೊಡೆಯ ಮೇಲೆ ಕಟ್ಟಿ ಕೂತಿದ್ದೆ. ಮೂಸುವುದೇ ಬೇಡ ಎಂದುಕೊಂಡಿದ್ದೆ. ಆದರೆ ಮುಂದೆ ಇಟ್ಟ ಗ್ಲಾಸನ್ನು ಮೂಸದೆ ಇರುವುದು ನನ್ನಿಂದ ಆಗಲಿಲ್ಲ.

ಮೊದಲನೆಯದು ನಮ್ಮ ಐದನೆಯದು. ಬೂಟು, ಪೆನ್ಸಿಲ್, ಜೇನು. ಎರಡನೆಯದೂ ಅದೇ. ಹಾಗಾದರೆ ಮೂರನೆಯದು ಬೇರೆ ಎಂದುಕೊಂಡು ಎತ್ತಿದೆ. ಬೂಟು, ಪೆನ್ಸಿಲ್, ಜೇನು. ಮತ್ತೆ ಮೊದಲಿನಿಂದ ಮೂಸಿದೆ. ಮೂರೂ ಒಂದೇ. ಎಂಥ ಕಳ್ಳ! ಉತ್ತರವೇ ಇಲ್ಲದ ಪ್ರಶ್ನೆ ಕೊಟ್ಟು ಮಜಾ ನೋಡುತ್ತಿದ್ದಾನೆ. ಕೆಮ್ಮಲಿಲ್ಲ, ಅಲ್ಲಾಡಲಿಲ್ಲ, ಇವರತ್ತ ಕಣ್ಣು ಹಾಯಿಸಲಿಲ್ಲ. ಕೊಟ್ಟ ಮಾತಿನಂತೆ ನಡೆದುಕೊಂಡೆ. ಸಣ್ಣ ಮಾಲೀಕನನ್ನು ಮಾತ್ರ ನೋಡುತ್ತಿದ್ದೆ.

ಇವರು ಮೂರೂ ಗ್ಲಾಸನ್ನು ನಿಧಾನವಾಗಿ ಎತ್ತಿ ಇಳಿಸಿದರು.

"ಇದರಲ್ಲಿ ಬೇರೆ ಯಾವುದೂ ಇಲ್ಲ ಸಾರ್," ಎಂದರು. "ಮೂರೂ ನಮ್ಮದೇ."

ಸಣ್ಣ ಮಾಲೀಕನ ಮುಖ ಒಂದು ಗಳಿಗೆ ಖಾಲಿಯಾಯಿತು, ಆಮೇಲೆ ಅವನೇ ಮೊದಲು ಚಪ್ಪಾಳೆ ತಟ್ಟಿದ. ಎಲ್ಲರೂ ಎದ್ದು ನಿಂತರು. "ಹೇಗೆ ಹಿಡಿದ್ರಿ?" ಎಂದು ಯಾರೋ ಕೂಗಿದರು.

"ನನ್ನ ಮೂಗು ಹೋಗಿ ತಿಂಗಳುಗಳಾದವು. ಹೆಂಡತಿಯಿಂದ ಕಾಪಿ ಹೊಡೆದೆ," ಎಂದರು ಇವರು.

ಹಾಲೆಲ್ಲ ಬಿದ್ದು ಬಿದ್ದು ನಕ್ಕಿತು. ಇವರು ನಗಲಿಲ್ಲ. ಸಣ್ಣ ಮಾಲೀಕನೂ ನಗಲಿಲ್ಲ. ಇವರ ಹತ್ತಿರ ಬಂದು ತೋಳು ಹಿಡಿದುಕೊಂಡ. ಇವರು, "ಸೋಮವಾರ ಬೆಳಗ್ಗೆ ನಿಮ್ಮ ರೂಮಿಗೆ ಬರ್ತೀನಿ ಸಾರ್. ಎಲ್ಲ ಹೇಳ್ತೀನಿ," ಎಂದರು. "ಬನ್ನಿ," ಎಂದ, ಮೆತ್ತಗೆ. ಸೋಮವಾರ ನಿಜವಾಗಿಯೂ ಹೇಳುತ್ತಾರೋ ಇಲ್ಲವೋ ಎಂದು ನಾನು ಆಗಲೇ ಅನುಮಾನಪಡಬೇಕಿತ್ತು. ಮನೆಗೆ ಬಂದು ಬರೆಯಲು ಕೂತಾಗ ಅದು ನೆನಪಾಯಿತು.

ಬಸ್ಸಿನಲ್ಲಿ ಕೇಳಿದೆ. "ನಾನು ಏನೂ ಸನ್ನೆ ಮಾಡಲಿಲ್ವಲ್ಲ?"

"ಮಾಡಲಿಲ್ಲ. ಮೂರನೇದನ್ನ ಮೂಸಿ ಅವನನ್ನ ಒಂದು ಥರ ನೋಡಿದೆ. ಆ ಥರ ನನ್ನನ್ನ ಎಷ್ಟು ಸಲ ನೋಡಿಲ್ಲ ನೀನು? ಅವನೇನೋ ಮೋಸ ಮಾಡಿದಾನೆ, ಬೇರೇದನ್ನ ಇಟ್ಟೇ ಇಲ್ಲ ಅಂತ ಗೊತ್ತಾಯ್ತು."

ನಿಯಮದ ಪ್ರಕಾರ ಕಾಪಿ ಹೊಡೆದವರನ್ನು ಹೊರಗೆ ಹಾಕಬೇಕು. ನಾನು ಇವರ ಕೈ ಹಿಡಿದುಕೊಂಡು ಕೂತೆ.

ಎರಡು ಸ್ಟಾಪ್ ಕಳೆದ ಮೇಲೆ ಕಿಟಕಿಯ ಕಡೆ ತಿರುಗಿಕೊಂಡೇ ಇವರು ಕೇಳಿದರು. "ವಿಸ್ಕಿದು ಬಿಡು. ನಿನ್ನ ಕುತ್ತಿಗೆ ಹತ್ರ ಒಂದು ವಾಸನೆ ಇರ್ತಿತ್ತು. ಬೆಳಗ್ಗೆ ಎದ್ದ ಕೂಡಲೇ. ಎಷ್ಟು ಕೂತು ಯೋಚಿಸಿದ್ರೂ ಈಗ ನೆನಪಿಗೇ ಬರ್ತಿಲ್ಲ. ಅದು ಎಂಥ ವಾಸನೆ ಅಂತ ಸ್ವಲ್ಪ ಹೇಳ್ತೀಯಾ?"

ಸೀರೆಯ ಸೆರಗನ್ನು ಮೂಗಿಗೆ ಹಿಡಿದೆ. ಮಣಿಕಟ್ಟು ಮೂಸಿದೆ. ಎದುರಿನ ಸೀಟಿನವರು ನೋಡುತ್ತಿದ್ದರು, ನೋಡಲಿ. ಬಸ್ಸಿನ ಡೀಸೆಲ್ ಗೊತ್ತಾಯಿತು, ಯಾರದೋ ಚೀಲದ ಕಿತ್ತಳೆ, ಇವರ ಕಾಲರಿನ ಬೆವರು, ಎಲ್ಲ ಬೇರೆ ಬೇರೆಯಾಗಿ ಗೊತ್ತಾಯಿತು. ನನ್ನದು ನನಗೆ ಗೊತ್ತಾಗಲಿಲ್ಲ. ಅದನ್ನು ಬಲ್ಲವರು ಇವರೊಬ್ಬರೇ ಇದ್ದರು.

ಇವರು ಇನ್ನೂ ಕಾಯುತ್ತಿದ್ದರು. ಗೊತ್ತಿಲ್ಲ ರೀ ಎಂದೆ.